ಇಂಗ್ಲೆಂಡಿನ ಹಳ್ಳಿಗಾಡಿನ ಸರೋವರಗಳು, ಹೊಂಡಗಳು

(ಮಲೆನಾಡಿನ ಕೃಷಿಕರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಜಲಸಂರಕ್ಷಣಾ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಕೆರೆಗಳ ಕುರಿತು ಎರಡು ದಿನ ಚರ್ಚಿಸಲು ಸೇರಿರುವ ಈ ಸಭೆಯಲ್ಲಿ ಇಂಗ್ಲೆಂಡಿನ ಸರೋವರಗಳ ಮಾತೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗೆ ಬಂದಿರಬಹುದು. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ದೇಶ ತನ್ನ ಹೊಲಗದ್ದೆಗಳ ನಡುವಿನ ಹೊಂಡಗಳಲ್ಲಿ ಅರ್ಧದಷ್ಟನ್ನು ಇಪ್ಪತ್ತನೆಯ ಶತಮಾನವೊಂದರಲ್ಲೇ ಕಳೆದುಕೊಂಡಿತು. ಬಹುಪಾಲು ಹೊಂಡಗಳನ್ನು ಅಲ್ಲಿನ ರೈತರೇ, ಅಭಿವೃದ್ಧಿಯ ಹೆಸರಿನಲ್ಲಿ, ಮಣ್ಣು ತುಂಬಿ ಮುಚ್ಚಿದರು. ಈಗ ಅದೇ ಹೊಂಡಗಳನ್ನು ಹಳೆಯ ನಕಾಶೆ ಹಿಡಿದು ಹುಡುಕಿ, ಹಣ ಕೊಟ್ಟು ಅಗೆಸುತ್ತಿದ್ದಾರೆ. ಮುಚ್ಚಿದವರು ಮತ್ತೆ ತೋಡುತ್ತಿರುವ ಈ ಕಾಲದಲ್ಲಿ ನಾವು ಮುಚ್ಚುವ ಕೆಲಸವನ್ನು ಆರಂಭಿಸಿದ್ದೇವೆ. ಆದ್ದರಿಂದ ಅವರ ಅನುಭವವನ್ನು ತಿಳಿಯುವುದು ನಮಗೆ ಅಗತ್ಯ.

ಹಿಮ ಕೊರೆದ ಕಣಿವೆಗಳು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕುಂಬ್ರಿಯಾ ಎಂಬ ಗುಡ್ಡಗಾಡು ಪ್ರದೇಶವಿದೆ. ಅದರ ನಡುಭಾಗಕ್ಕೆ ಲೇಕ್ ಡಿಸ್ಟ್ರಿಕ್ಟ್, ಅಂದರೆ ಸರೋವರ ಸೀಮೆ ಎಂದು ಹೆಸರು. ಇಂಗ್ಲೆಂಡಿನ ಅತ್ಯುನ್ನತ ಶಿಖರ ಸ್ಕಾಫೆಲ್ ಪೈಕ್ ಅಲ್ಲಿದೆ; ಅದರ ಎತ್ತರ 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು ಎಂದರೂ ಸರಿ. ಆದರೆ ಮಳೆಯ ವಿಷಯದಲ್ಲಿ ಆ ಸೀಮೆ ನಮಗೆ ನೆಂಟನೇ. ಬಾರೋಡೇಲ್ ಕಣಿವೆಯ ಸೀತ್‌ವೈಟ್ ಎಂಬ ಪುಟ್ಟ ಊರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಇದು ಮಲೆನಾಡಿನ ಅನೇಕ ಹೋಬಳಿಗಳ ಮಳೆಗೆ ಸಮ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಮಳೆ ಅಲ್ಲಿ ಹನ್ನೆರಡು ತಿಂಗಳಿಗೂ ಹಂಚಿಹೋಗುತ್ತದೆ. ಬೇಸಿಗೆಗಾಗಿ ನೀರನ್ನು ಹಿಡಿದಿಡಬೇಕಾದ ಅನಿವಾರ್ಯತೆ ಅವರಿಗಿಂತ ನಮಗೆ ಹೆಚ್ಚು ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ಸುಮಾರು 11,700 ವರ್ಷಗಳ ಹಿಂದೆ ಕೊನೆಗೊಂಡ ಹಿಮಯುಗದಲ್ಲಿ ಈ ಕಣಿವೆಗಳ ತುಂಬ ಹಿಮನದಿಗಳಿದ್ದವು. ಮಂಜುಗಡ್ಡೆಯ ಆ ಭಾರ ಕೆಳಕ್ಕೆ ಜಾರುತ್ತ ಬಂಡೆಯನ್ನು ಉಜ್ಜಿ ಕೊರೆಯಿತು. ಕೊರೆದ ಕಲ್ಲುಮಣ್ಣನ್ನು ಕಣಿವೆಯ ಬಾಯಲ್ಲಿ ಒಡ್ಡಿನಂತೆ ರಾಶಿ ಹಾಕಿತು. ಹಿಮ ಕರಗಿದಾಗ ಆ ಉದ್ದನೆಯ ತಗ್ಗುಗಳಲ್ಲಿ ನೀರು ನಿಂತಿತು. ಬಂಡಿಚಕ್ರದ ಅರಗಳಂತೆ ನಡುಗುಡ್ಡದಿಂದ ಎಲ್ಲ ದಿಕ್ಕಿಗೂ ಹರಡಿರುವ ಸರೋವರಗಳು ಹುಟ್ಟಿದ್ದು ಹೀಗೆ. ಇವುಗಳಲ್ಲಿ ದೊಡ್ಡದು ವಿಂಡರ್‌ಮಿಯರ್. ಉದ್ದ ಸುಮಾರು 17 ಕಿಲೋಮೀಟರ್, ಆಳ 60 ಮೀಟರಿಗೂ ಹೆಚ್ಚು. ಆಳದಲ್ಲಿ ವಾಸ್ಟ್‌ವಾಟರ್ ಮೊದಲನೆಯದು. ಅದು 70 ಮೀಟರನ್ನೂ ಮೀರುತ್ತದೆ.

ಹೆಸರುಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಸರೋವರ ಸೀಮೆಯಲ್ಲಿ ‘ಲೇಕ್’ ಎಂಬ ಪದವನ್ನು ತನ್ನ ಹೆಸರಿನಲ್ಲಿ ಹೊತ್ತಿರುವುದು ಬ್ಯಾಸೆಂತ್‌ವೈಟ್ ಲೇಕ್ ಒಂದೇ. ಉಳಿದವು ಹಳ್ಳಿಗರ ಬಾಯಲ್ಲಿ ‘ಮಿಯರ್’, ‘ವಾಟರ್’ ಅಥವಾ ‘ಟಾರ್ನ್’. ಗುಡ್ಡದ ಮೇಲಿನ ಪುಟ್ಟ ಕೊಳವೇ ಟಾರ್ನ್. ಅದು ಸಾವಿರ ವರ್ಷಗಳ ಹಿಂದೆ ವಲಸೆ ಬಂದ ನಾರ್ಸ್ ಜನರ ಮಾತು. ನಾವೂ ಕೆರೆ, ಕಟ್ಟೆ, ಮದಗ, ಹೊಂಡ, ಗುಂಡಿ, ಕೊಳ ಎಂದು ಬೇರೆಬೇರೆ ಹೆಸರಿಟ್ಟವರು. ಎಲ್ಲವನ್ನೂ ‘ಜಲಮೂಲ’ ಎಂಬ ಒಂದೇ ಕಚೇರಿ ಪದದಲ್ಲಿ ಸೇರಿಸಿದಾಗ ಯಾವುದು ಹೇಗೆ ನೀರು ಹಿಡಿಯುತ್ತದೆ ಎಂಬ ತಿಳುವಳಿಕೆಯೂ ಹೆಸರಿನೊಂದಿಗೆ ಹೋಗುತ್ತದೆ.

ಕೆಸರನ್ನು ಓದಿದವರು

ಇಂಗ್ಲೆಂಡಿನ ಸಿಹಿನೀರು ಜೀವಿಶಾಸ್ತ್ರ ಸಂಘ ಸ್ಥಾಪನೆಯಾದದ್ದು 1929ರಲ್ಲಿ. ವಿಂಡರ್‌ಮಿಯರ್ ದಂಡೆಯ ರೇ ಕ್ಯಾಸಲ್ ಎಂಬ ಕಟ್ಟಡದಲ್ಲಿ ಎರಡು ವರ್ಷಗಳ ನಂತರ ಅದರ ಪ್ರಯೋಗಾಲಯ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ಉದ್ದನೆಯ ಕೊಳವೆಯನ್ನು ಸರೋವರದ ತಳಕ್ಕೆ ಇಳಿಸಿ ಕೆಸರಿನ ಕಂಬವನ್ನು ಹಾಗೆಯೇ ಮೇಲೆತ್ತುವ ಉಪಕರಣವನ್ನು ರೂಪಿಸಿದರು. ವಿನಿಫ್ರೆಡ್ ಪೆನಿಂಗ್ಟನ್ ಎಂಬ ಸಸ್ಯವಿಜ್ಞಾನಿ ಆ ಕೆಸರಿನ ಪದರಗಳನ್ನು ಒಂದೊಂದಾಗಿ ಪರೀಕ್ಷಿಸಿದರು.

ತಳದಲ್ಲಿ ಹಿಮನದಿ ಅರೆದು ತಂದ ನಯವಾದ ಜೇಡಿ, ಅದರ ಮೇಲೆ ಕೊಳೆತ ಸಸ್ಯಾಂಶವಿರುವ ಕಂದು ಪದರ, ಮತ್ತೆ ಜೇಡಿ, ಆಮೇಲೆ ಕಂದು ಕೆಸರು. ಅಂದರೆ ಹಿಮಯುಗ ಒಮ್ಮೆಗೇ ಮುಗಿಯಲಿಲ್ಲ, ನಡುವೆ ಬೆಚ್ಚನೆಯ ಕಾಲವೊಂದು ಬಂದು ಮತ್ತೆ ಚಳಿ ಕವಿಯಿತು ಎಂದಾಯಿತು. ಆ ಬೆಚ್ಚನೆಯ ಅವಧಿಗೆ ಬ್ರಿಟನ್ನಿನ ಭೂವಿಜ್ಞಾನಿಗಳು ಇಂದಿಗೂ ವಿಂಡರ್‌ಮಿಯರ್ ಹೆಸರನ್ನೇ ಬಳಸುತ್ತಾರೆ. ಮೇಲಿನ ಪದರಗಳಲ್ಲಿ ಪರಾಗದ ಕಣಗಳಿವೆ. ಐದಾರು ಸಾವಿರ ವರ್ಷಗಳ ಹಿಂದೆ ಎಲ್ಮ್ ಮರದ ಪರಾಗ ಕುಸಿಯುತ್ತದೆ. ಆನಂತರ ಹುಲ್ಲು ಮತ್ತು ಕಳೆಗಿಡಗಳ ಪರಾಗ ಏರುತ್ತದೆ. ಮನುಷ್ಯ ಕಾಡು ಕಡಿದು ಹುಲ್ಲುಗಾವಲು ಮಾಡಿದ ಚರಿತ್ರೆ ಅದು. ನಾವು ಇಂದು ಕಣ್ತುಂಬ ನೋಡುವ ಆ ಸೀಮೆಯ ಬೋಳು ಹಸಿರುಗುಡ್ಡಗಳು ನಿಸರ್ಗ ಸಹಜವಲ್ಲ. ಕೊಡಲಿ ಮತ್ತು ಕುರಿ ಸೇರಿ ಮಾಡಿದವು. ಇನ್ನೂ ಮೇಲೆ ಬಂದರೆ, ಕೆಸರಿನ ತೀರ ಇತ್ತೀಚಿನ ಪದರದಲ್ಲಿ, ಗೊಬ್ಬರದ ಅಂಶ ಹೆಚ್ಚಿದ ನೀರನ್ನು ಇಷ್ಟಪಡುವ ಸೂಕ್ಷ್ಮ ಪಾಚಿಯ ಚಿಪ್ಪುಗಳು ಗುಂಪುಗುಂಪಾಗಿ ಕಾಣಿಸುತ್ತವೆ. ದಂಡೆಯಲ್ಲಿ ಪಟ್ಟಣ ಬೆಳೆದು ಮಲಿನ ನೀರು ಸರೋವರ ಸೇರತೊಡಗಿದ್ದನ್ನು ಕೆಸರು ಬರೆದಿಟ್ಟುಕೊಂಡಿದೆ.

1945ರಿಂದ ಇಂದಿನವರೆಗೆ ವಿಂಡರ್‌ಮಿಯರಿನ ನೀರಿನ ಉಷ್ಣತೆ, ಪಾರದರ್ಶಕತೆ, ಪೋಷಕಾಂಶ, ಪಾಚಿ ಇವುಗಳನ್ನು ಕ್ರಮಬದ್ಧವಾಗಿ ಅಳೆಯುತ್ತ ಬಂದಿದ್ದಾರೆ. ಎಂಬತ್ತು ವರ್ಷಗಳ ಈ ದಾಖಲೆಯೇ ಆ ಸರೋವರದ ಪರವಾಗಿ ಮಾತನಾಡುವ ಸಾಕ್ಷಿ. ನಮ್ಮ ಊರಿನ ಕೆರೆಯ ಪರವಾಗಿ ನಾಳೆ ಮಾತನಾಡಬೇಕಾದರೆ ನಮ್ಮ ಕೈಯಲ್ಲಿ ಹತ್ತು ವರ್ಷದ ಅಳತೆಯಾದರೂ ಇದೆಯೇ?

ನಗರದ ಬಾಯಾರಿಕೆ, ಹಳ್ಳಿಯ ಮುಳುಗಡೆ

ಸರೋವರ ಸೀಮೆ ಎಂದೊಡನೆ ನಮಗೆ ನೆನಪಾಗುವವನು ಗ್ರಾಸ್‌ಮಿಯರಿನಲ್ಲಿ ನೆಲೆಸಿದ್ದ ಕವಿ ವರ್ಡ್ಸ್‌ವರ್ತ್. ಕುವೆಂಪು ಅವರಂತಹವರು ಅವನನ್ನು ಓದಿ ಬೆಳೆದ ಕಾರಣ, ನೋಡದಿದ್ದರೂ ಆ ಸೀಮೆ ಕನ್ನಡಿಗರಿಗೆ ಅಪರಿಚಿತವಲ್ಲ. ಆದರೆ ಈ ಸಭೆಗೆ ಹೆಚ್ಚು ಹತ್ತಿರದ ಕಥೆ ತರ್ಲ್‌ಮಿಯರ್ ಮತ್ತು ಹಾಸ್‌ವಾಟರ್ ಎಂಬ ಎರಡು ಸರೋವರಗಳದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮ್ಯಾಂಚೆಸ್ಟರ್ ನಗರ ಹತ್ತಿಗಿರಣಿಗಳಿಂದ ಬೆಳೆಯುತ್ತಿತ್ತು. ನಗರಸಭೆಯ ಕಣ್ಣು ತರ್ಲ್‌ಮಿಯರ್ ಮೇಲೆ ಬಿತ್ತು. 1877ರಲ್ಲಿ ಸ್ಥಳೀಯರು, ಸಾಹಿತಿಗಳು ಸೇರಿ ರಕ್ಷಣಾ ಸಂಘ ಕಟ್ಟಿದರು. ಆದರೂ 1879ರಲ್ಲಿ ಪಾರ್ಲಿಮೆಂಟು ನಗರದ ಪರವಾಗಿ ಕಾಯಿದೆ ಮಾಡಿತು. ಅಣೆಕಟ್ಟು ಕಟ್ಟಿ ನೀರಿನ ಮಟ್ಟವನ್ನು ಸುಮಾರು 15 ಮೀಟರ್ ಏರಿಸಿದರು. 1894ರಲ್ಲಿ ಸುಮಾರು 154 ಕಿಲೋಮೀಟರ್ ದೂರದ ಮ್ಯಾಂಚೆಸ್ಟರಿಗೆ ನೀರು ತಲುಪಿತು. ಪಂಪಿನ ಸಹಾಯವಿಲ್ಲದೆ ಇಳಿಜಾರಿನಲ್ಲೇ ನೀರು ಹರಿಸಿದ ಆ ಕಾಲುವೆ ತಂತ್ರಜ್ಞಾನದ ದೃಷ್ಟಿಯಿಂದ ಅದ್ಭುತ, ಇಂದಿಗೂ ಹರಿಯುತ್ತಿದೆ.

ಮ್ಯಾಂಚೆಸ್ಟರಿನ ಬಾಯಾರಿಕೆ ಅಲ್ಲಿಗೆ ನಿಲ್ಲಲಿಲ್ಲ. 1919ರ ಕಾಯಿದೆಯ ಮೂಲಕ ಹಾಸ್‌ವಾಟರ್ ಕೂಡ ನಗರದ ಪಾಲಾಯಿತು. ಈ ಬಾರಿ ನೀರಿನ ಮಟ್ಟ ಏರಿದ್ದು ಸುಮಾರು 29 ಮೀಟರ್. ಮಾರ್ಡೇಲ್ ಗ್ರೀನ್ ಎಂಬ ಹಳ್ಳಿ ಮುಳುಗಬೇಕಾಯಿತು. 1935ರ ಆಗಸ್ಟಿನಲ್ಲಿ ಅಲ್ಲಿನ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಚರ್ಚಿನ ಅಂಗಳದಲ್ಲಿ ಹೂತಿದ್ದ ಸುಮಾರು ನೂರು ಮಂದಿಯ ಅವಶೇಷಗಳನ್ನು ಮೇಲೆತ್ತಿ ಬೇರೆಡೆ, ಹೆಚ್ಚಿನವರನ್ನು ಶಾಪ್ ಎಂಬ ಊರಿನಲ್ಲಿ, ಮರುಸಮಾಧಿ ಮಾಡಿದರು. ಮನೆಗಳನ್ನು ಕೆಡವಲಾಯಿತು. 1984, 1995ರಂತಹ ಬರಗಾಲದ ಬೇಸಿಗೆಗಳಲ್ಲಿ ನೀರು ಇಳಿದಾಗ ಹಳ್ಳಿಯ ಕಲ್ಲುಗೋಡೆಗಳು, ಸೇತುವೆ, ಓಣಿ ಮೇಲೆ ಬಂದವು. ಅವುಗಳನ್ನು ನೋಡಲು ಜನ ಸಾಲುಗಟ್ಟಿದರು.

ಈ ಮಾತು ಕೇಳಿದಾಗ ಸಾಗರ–ಹೊಸನಗರ ಸೀಮೆಯಿಂದ ಬಂದವರ ಮನಸ್ಸು ಎಲ್ಲಿಗೆ ಹೋಯಿತೆಂದು ನಾನು ಊಹಿಸಬಲ್ಲೆ. 1948ರಲ್ಲಿ ಪೂರ್ಣಗೊಂಡ ಹಿರೇಭಾಸ್ಕರದ ಮಡೆನೂರು ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಶರಾವತಿಯ ನೀರು ತಳ ಕಂಡ ಬೇಸಿಗೆಗಳಲ್ಲಿ ಅದು ತಲೆ ಎತ್ತುತ್ತದೆ. ನಮ್ಮವರೂ ಹೋಗಿ ನೋಡಿಬರುತ್ತಾರೆ. ಮಾರ್ಡೇಲ್‌ನಲ್ಲಿ ಎದ್ದುಹೋದದ್ದು ಒಂದು ಸಣ್ಣ ಹಳ್ಳಿ. ಶರಾವತಿ ಕಣಿವೆಯಲ್ಲಿ ಊರಿಗೆ ಊರೇ, ಸಾಲುಸಾಲಾಗಿ ಎದ್ದುಹೋದವು. ಗಾತ್ರ ಬೇರೆ, ಲೆಕ್ಕಾಚಾರ ಮಾತ್ರ ಒಂದೇ: ದೂರದ ನಗರದ ಅಗತ್ಯ ದೊಡ್ಡದು, ಗುಡ್ಡಗಾಡಿನ ಜನ ಕೆಲವರೇ.

ಆದರೆ ಸೋತ ಹೋರಾಟದಿಂದ ಅವರು ಒಂದು ಸಂಸ್ಥೆಯನ್ನು ಪಡೆದರು. ಸರೋವರ ಸೀಮೆಯ ಪಾದ್ರಿ ಹಾರ್ಡ್‌ವಿಕ್ ರಾನ್‌ಸ್ಲಿ 1883ರಲ್ಲಿ ಆ ಸೀಮೆಯ ರಕ್ಷಣೆಗಾಗಿ ಸಂಘಟನೆ ಕಟ್ಟಿದರು. 1895ರಲ್ಲಿ ಆಕ್ಟೇವಿಯಾ ಹಿಲ್ ಮತ್ತು ರಾಬರ್ಟ್ ಹಂಟರ್ ಅವರೊಡಗೂಡಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ವಿರೋಧಿಸಿದರೆ ಸಾಲದು, ಜನರಿಂದ ಹಣ ಕೂಡಿಸಿ ದಂಡೆಯ ನೆಲವನ್ನೇ ಜನರ ಹೆಸರಿಗೆ ಕೊಳ್ಳಬೇಕೆಂಬುದು ಅವರ ವಿಚಾರ. ಡರ್‌ವೆಂಟ್‌ವಾಟರ್ ದಂಡೆಯ ಬ್ರಾಂಡಲ್‌ಹೌ ಕಾಡನ್ನು 1902ರಲ್ಲಿ ಹಾಗೆಯೇ ಸಾರ್ವಜನಿಕ ವಂತಿಗೆಯಿಂದ ಕೊಂಡರು. ಮಕ್ಕಳ ಕಥೆಗಳ ಲೇಖಕಿ ಬೀಟ್ರಿಕ್ಸ್ ಪಾಟರ್ 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಭೂಮಿಯನ್ನು, ಅದರಲ್ಲಿದ್ದ ಕುರಿಸಾಕಣೆಯ ಒಕ್ಕಲುಗಳ ಸಮೇತ, ಅದೇ ಟ್ರಸ್ಟಿಗೆ ಬಿಟ್ಟುಹೋದರು. ಒಕ್ಕಲನ್ನು ಎಬ್ಬಿಸದೆ ನೆಲ ಕಾಯುವ ಆ ಕ್ರಮ ನಮ್ಮಲ್ಲಿ ಚರ್ಚೆಯಾಗಬೇಕು. ಸರೋವರ ಸೀಮೆ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಒಳಗಿನ ಹಳ್ಳಿಗಳು ಹಳ್ಳಿಗಳಾಗಿಯೇ ಉಳಿದವು. ಇಂದಿಗೂ ಸುಮಾರು 40,000 ಜನ ಉದ್ಯಾನದೊಳಗೆ ವಾಸಿಸುತ್ತಾರೆ. 2017ರಲ್ಲಿ ಅದು ವಿಶ್ವ ಪರಂಪರೆಯ ತಾಣವಾದಾಗ ಗುಡ್ಡ, ನೀರುಗಳ ಜೊತೆಗೆ ಅಲ್ಲಿನ ಕುರಿಗಾಹಿ ಕೃಷಿಯೂ ಮಾನ್ಯತೆಗೆ ಕಾರಣವಾಗಿತ್ತು. ನಮ್ಮ ಪಶ್ಚಿಮಘಟ್ಟದ 39 ತಾಣಗಳಿಗೆ ಅದೇ ಮಾನ್ಯತೆ ದೊರೆತದ್ದು 2012ರಲ್ಲಿ. ಅಲ್ಲಿ ಪರಿಗಣಿತವಾದದ್ದು ಕಾಡು ಮತ್ತು ಜೀವವೈವಿಧ್ಯ ಮಾತ್ರ.

ಮನುಷ್ಯ ತೋಡಿದ ಸರೋವರಗಳು

ಇಂಗ್ಲೆಂಡಿನ ಪೂರ್ವಕ್ಕೆ ನಾರ್‌ಫೋಕ್ ಎಂಬ ಸಮತಟ್ಟಾದ ಜಿಲ್ಲೆ. ಅಲ್ಲಿ ನದಿಗಳ ಪಕ್ಕದಲ್ಲಿ ‘ಬ್ರಾಡ್ಸ್’ ಎಂದು ಕರೆಯುವ ಆಳವಿಲ್ಲದ ಸರೋವರಗಳು ಹತ್ತಾರು ಇವೆ. ಜೊಂಡು, ನೈದಿಲೆ, ನೀರುಹಕ್ಕಿಗಳಿಂದ ತುಂಬಿದ ಇವು ನೈಸರ್ಗಿಕ ಎಂದೇ ಎಲ್ಲರೂ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಅವುಗಳ ಅಂಚಿನಲ್ಲಿ ಹತ್ತಿರ ಹತ್ತಿರವಾಗಿ ಕೊಳವೆ ಇಳಿಸಿ ಪರೀಕ್ಷಿಸಿದರು. ಮಣ್ಣಿನಡಿಯ ದಡಗಳು ಗೋಡೆಯಂತೆ ನೇರವಾಗಿದ್ದವು, ತಳ ಮಟ್ಟಸವಾಗಿತ್ತು. ನೀರು ತಾನಾಗಿ ಹಾಗೆ ಕೊರೆಯುವುದಿಲ್ಲ. ಚರಿತ್ರೆಯ ವಿದ್ವಾಂಸರು ಮಠಗಳ ಹಳೆಯ ಲೆಕ್ಕಪುಸ್ತಕಗಳನ್ನು ತೆಗೆದು ನೋಡಿದಾಗ ಉತ್ತರ ಸಿಕ್ಕಿತು. ಮಧ್ಯಯುಗದಲ್ಲಿ ಸೌದೆ ಸಾಲದೆ ಜನ ಉರುವಲಿಗಾಗಿ ಪೀಟ್ ಎಂಬ ಕೊಳೆತ ಸಸ್ಯಾಂಶದ ಮಣ್ಣನ್ನು ನೂರಾರು ವರ್ಷ ಅಗೆದಿದ್ದರು. ಸಮುದ್ರಮಟ್ಟ ಏರಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಆ ಗುಂಡಿಗಳಲ್ಲಿ ನೀರು ನುಗ್ಗಿತು. ಈ ಸಂಶೋಧನೆ 1960ರಲ್ಲಿ ಪುಸ್ತಕವಾಗಿ ಹೊರಬಂದಿತು.

ಮನುಷ್ಯ ಮಾಡಿದ ಗಾಯವನ್ನು ನಿಸರ್ಗ ಆರುನೂರು ವರ್ಷಗಳಲ್ಲಿ ಸ್ವರ್ಗಸದೃಶವಾಗಿ ಮಾರ್ಪಡಿಸಿತು. ಇಪ್ಪತ್ತನೆಯ ಶತಮಾನದ ಮೂವತ್ತು ವರ್ಷಗಳಲ್ಲಿ ಅದು ಕೆಟ್ಟಿತು. ಪಟ್ಟಣಗಳ ಮಲಿನ ನೀರಿನ ರಂಜಕ ಮತ್ತು ಹೊಲಗಳ ಸಾರಜನಕ ಸೇರಿ, ತಿಳಿನೀರು ಬಟಾಣಿಯ ಗಂಜಿಯಂತಾಯಿತು. ತಳದ ಗಿಡಗಳಿಗೆ ಬಿಸಿಲು ಸಿಗದೆ ಸತ್ತವು. ಗಿಡಗಳ ಮರೆಯಲ್ಲಿದ್ದು ಪಾಚಿಯನ್ನು ತಿನ್ನುತ್ತಿದ್ದ ನೀರುಚಿಗಟಗಳು ಆಶ್ರಯ ತಪ್ಪಿ ಮೀನುಗಳ ಬಾಯಿಗೆ ಬಿದ್ದವು. ಪಾಚಿಗೆ ಎದುರಿಲ್ಲವಾಯಿತು. ನಂತರ ಮಲಿನ ನೀರಿನಿಂದ ರಂಜಕವನ್ನು ಬೇರ್ಪಡಿಸಿದರೂ ನೀರು ತಿಳಿಯಾಗಲಿಲ್ಲ; ತಳದ ಹೂಳಿನಲ್ಲಿ ಶೇಖರವಾಗಿದ್ದ ರಂಜಕ ಪ್ರತಿ ಬೇಸಿಗೆ ಮೇಲಕ್ಕೆ ಬರುತ್ತಲೇ ಇತ್ತು. 1982ರಲ್ಲಿ ಕಾಕ್‌ಶೂಟ್ ಎಂಬ ಬ್ರಾಡನ್ನು ನದಿಯಿಂದ ಒಡ್ಡು ಹಾಕಿ ಬೇರ್ಪಡಿಸಿ, ಹೂಳನ್ನು ಪಂಪಿನಿಂದ ಹೊರಗೆ ಹಾಕಬೇಕಾಯಿತು. ಕೆಡಿಸುವ ದಾರಿಯಲ್ಲೇ ಹಿಂದಿರುಗಿ ಸರಿಪಡಿಸಲಾಗುವುದಿಲ್ಲ ಎಂಬುದು ಇದರಿಂದ ಸಿದ್ಧವಾಗಿದೆ. ಅಡಿಕೆ ತೋಟದ, ಗದ್ದೆಯ ಬಸಿಗಾಲುವೆಗಳು ಕೆರೆ ಸೇರುವ ನಮ್ಮ ಊರುಗಳಲ್ಲಿ ಈ ಮಾತು ನೆನಪಿರಲಿ.

ಹೊಲದ ನಡುವಿನ ಗುಂಡಿ

ಕೃಷಿ ವಿಜ್ಞಾನದ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಆಕರ್ಷಿಸಿದ್ದು ಹೆಸರಾಂತ ಸರೋವರಗಳಲ್ಲ. ಚೆಷೈರ್ ಮತ್ತು ನಾರ್‌ಫೋಕ್ ಜಿಲ್ಲೆಗಳ ಹೊಲಗಳಲ್ಲಿ ಸಿಕ್ಕುವ ಸಣ್ಣ ಹೊಂಡಗಳು. ಕಾಲುದಾರಿಯಲ್ಲಿ ನಡೆಯುತ್ತಿದ್ದರೆ ಗೋಧಿ ಹೊಲದ ನಟ್ಟನಡುವೆ ಒಂದಷ್ಟು ಮರಗಳ ಗುಂಪು ಕಾಣುತ್ತದೆ. ಹತ್ತಿರ ಹೋದರೆ ಒಳಗೊಂದು ಹೊಂಡ. ಉತ್ತುವವನು ನೇಗಿಲನ್ನು ಸುತ್ತುಬಳಸಿ ಒಯ್ಯಬೇಕಾದ ಜಾಗದಲ್ಲಿ ಅದೇಕೆ ಇದೆ?

ಅದು ಮಾರ್ಲ್ ಗುಂಡಿ. ಮಾರ್ಲ್ ಎಂದರೆ ಸುಣ್ಣದ ಅಂಶವಿರುವ ಜೇಡಿಮಣ್ಣು. ಅಲ್ಲಿನ ಮೇಲ್ಮಣ್ಣು ಮಳೆಗೆ ತೊಳೆದು ಹುಳಿಯಾಗುತ್ತದೆ. ಅದನ್ನು ಸರಿಪಡಿಸಲು ರೈತರು ತಮ್ಮ ಹೊಲದಲ್ಲೇ ಆಳಕ್ಕೆ ತೋಡಿ, ಕೆಳಗಿನ ಸುಣ್ಣಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆಲ್ಲ ಹರಡುತ್ತಿದ್ದರು. ಮಧ್ಯಯುಗದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಈ ಪದ್ಧತಿ ನಡೆಯಿತು. ತೋಡಿ ಬಿಟ್ಟ ಗುಂಡಿಯಲ್ಲಿ ನೀರು ನಿಂತಿತು, ದನಗಳು ಕುಡಿದವು, ಕಪ್ಪೆ, ಏರೋಪ್ಲೇನ್ ಚಿಟ್ಟೆ, ನೀರುಗಿಡಗಳು ನೆಲೆಸಿದವು. ಮಲೆನಾಡಿನ ಮಣ್ಣೂ ಹುಳಿಯೇ. ನಾವು ತೋಟಕ್ಕೆ ಸುಣ್ಣ ಹಾಕುತ್ತೇವೆ, ಕೆರೆಯ ಗೋಡುಮಣ್ಣನ್ನು ಹೊತ್ತು ತಂದು ಮರದ ಬುಡಕ್ಕೆ ಹಾಕುವ ಪದ್ಧತಿಯೂ ನಮ್ಮಲ್ಲಿತ್ತು. ಗೋಡುಮಣ್ಣು ತೆಗೆಯುವ ಕೆಲಸ ನಿಂತಾಗ ಕೆರೆಗೆ ವಾರಸುದಾರರಿಲ್ಲದಂತಾದದ್ದನ್ನು ತಾವು ಕಂಡಿದ್ದೀರಿ. ಅಲ್ಲಿಯೂ ಹಾಗೆಯೇ ಆಯಿತು. ರೈಲಿನಲ್ಲಿ ಅಗ್ಗದ ಸುಣ್ಣ ಬಂದಿತು, ಮಾರ್ಲ್ ಬೇಡವಾಯಿತು. ನಲ್ಲಿಯ ನೀರು ಬಂದಿತು, ದನಗಳಿಗೂ ಹೊಂಡ ಬೇಡವಾಯಿತು. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳು ಬಂದವು. ಹೊಲಗಳನ್ನು ದೊಡ್ಡದು ಮಾಡಲು, ನೀರು ಬಸಿಯಲು ಸರಕಾರದ ಸಹಾಯಧನವೂ ದೊರೆಯಿತು. ಬೇಲಿ ಕಿತ್ತು ಹೊಂಡಕ್ಕೆ ತಳ್ಳಿ ಮಣ್ಣು ಮುಚ್ಚಿದರು.

ಹೀಗೆ ಮುಚ್ಚಿಹೋದವುಗಳನ್ನು ಅಲ್ಲಿನ ಸಂಶೋಧಕರು ‘ಭೂತಹೊಂಡ’ ಎಂದು ಕರೆಯುತ್ತಾರೆ. ಬೆಳೆಯ ನಡುವೆ ಒಂದು ತೇವದ ಕಲೆಯಾಗಿ, ಅಲ್ಪ ತಗ್ಗಾಗಿ ಅವು ಗುರುತು ಉಳಿಸಿರುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನಾರ್‌ಫೋಕ್‌ನಲ್ಲಿ ಅಂತಹ ಮೂರು ಹೊಂಡಗಳನ್ನು ಹಳೆಯ ನಕಾಶೆಯ ಆಧಾರದಿಂದ ಗುರುತಿಸಿ, ಮೂಲ ತಳದವರೆಗೆ ಎಚ್ಚರಿಕೆಯಿಂದ ಅಗೆದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ನೂರೈವತ್ತು ವರ್ಷಗಳಷ್ಟು ಕಾಲ ಹೊಲದಡಿಯಲ್ಲಿ ಹೂತಿದ್ದ ಕೆಸರಿನಲ್ಲಿ ನೀರುಗಿಡಗಳ ಬೀಜಗಳು ಜೀವಂತವಾಗಿದ್ದವು. ನೀರು ಬೆಳಕು ಸಿಕ್ಕೊಡನೆ ಮೊಳೆತವು. ಯಾರೂ ತಂದು ನೆಡಲಿಲ್ಲ.

ಈ ಅಧ್ಯಯನದಿಂದ ನಮ್ಮ ಹೂಳೆತ್ತುವ ಕಾಮಗಾರಿಗಳಿಗೆ ನೇರ ಪಾಠವಿದೆ. ಜೆಸಿಬಿ ತಂದು ಎರಡು ದಿನದಲ್ಲಿ ಕೆರೆಯನ್ನು ಬಾಣಲೆಯಂತೆ ಕೆರೆದು ಹಾಕಿದರೆ ಹೂಳಿನೊಂದಿಗೆ ಆ ಕೆರೆಯ ಬೀಜಭಂಡಾರವೂ ಹೋಗುತ್ತದೆ. ತಳದ ಜೇಡಿಪದರ ಒಡೆದರೆ ನೀರೂ ನಿಲ್ಲುವುದಿಲ್ಲ. ಹಳೆಯ ತಳದ ಕಪ್ಪುಕೆಸರು ಕಂಡಲ್ಲಿ ನಿಲ್ಲಿಸಬೇಕು. ಒಂದು ಭಾಗವನ್ನು ಮುಟ್ಟದೆ ಬಿಡಬೇಕು.

ಸಣ್ಣ ಹೊಂಡದಿಂದೇನು ಮಹಾಪ್ರಯೋಜನ ಎನ್ನುವವರಿಗೂ ಉತ್ತರವಿದೆ. ದಕ್ಷಿಣ ಇಂಗ್ಲೆಂಡಿನ ಒಂದು ಕೃಷಿಪ್ರದೇಶದಲ್ಲಿ ನದಿ, ತೊರೆ, ಕಾಲುವೆ, ಹೊಂಡ ಇವುಗಳ ಜೀವಿಗಳನ್ನು ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಟ್ಟು ಪ್ರದೇಶವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅತಿ ಹೆಚ್ಚು ಬಗೆಯ ಜೀವಿಗಳು, ಅಪರೂಪದವೂ ಸೇರಿ, ಇದ್ದದ್ದು ಹೊಂಡಗಳಲ್ಲೇ, ನದಿಯಲ್ಲಲ್ಲ. ನದಿಯುದ್ದಕ್ಕೂ ಹರಿಯುವುದು ಒಂದೇ ನೀರು; ಪ್ರತಿ ಹೊಂಡದ ನೀರು ಬೇರೆ, ಆಳ ಬೇರೆ, ನೆರಳು ಬೇರೆ. 2008ರಲ್ಲಿ ಆ ದೇಶದಲ್ಲಿ ದಶಲಕ್ಷ ಹೊಂಡಗಳ ಯೋಜನೆ ಆರಂಭವಾದದ್ದು ಈ ತಿಳುವಳಿಕೆಯಿಂದ.

ಗುಡ್ಡದ ಮೇಲಿನ ಹೊಂಡ

ದಕ್ಷಿಣದ ಸಸೆಕ್ಸ್, ವಿಲ್ಟ್‌ಷೈರ್ ಕಡೆಯ ಸೀಮೆಸುಣ್ಣದ ಗುಡ್ಡಗಳಲ್ಲಿ ಇನ್ನೊಂದು ಬಗೆಯ ಹೊಂಡವಿದೆ. ಸೀಮೆಸುಣ್ಣದ ಕಲ್ಲು ಜರಡಿಯಂತೆ. ಎಷ್ಟು ಮಳೆ ಬಿದ್ದರೂ ಇಂಗಿಹೋಗುತ್ತದೆ. ಅಂತಹ ಗುಡ್ಡದ ನೆತ್ತಿಯಲ್ಲಿ ಕುರಿಗಳಿಗೆ ನೀರೆಲ್ಲಿಂದ? ಜನ ತಟ್ಟೆಯಾಕಾರದ ತಗ್ಗು ತೋಡಿ, ಜೇಡಿಯನ್ನು ನೀರು ಹಾಕಿ ಹದವಾಗಿ ತುಳಿಸಿ ಹಾಸುತ್ತಿದ್ದರು. ಎರೆಹುಳು ತೂತು ಕೊರೆಯದಂತೆ ಸುಣ್ಣ, ಬಿಸಿಲಿಗೆ ಬಿರಿಯದಂತೆ ಹುಲ್ಲು, ಗೊರಸಿಗೆ ಒಡೆಯದಂತೆ ಮೇಲೆ ಕಲ್ಲುಚೂರು ಹರಡುತ್ತಿದ್ದರು. ಗದ್ದೆಯನ್ನು ಕೆಸರು ಹೂಡಿ ನೀರು ಇಂಗದಂತೆ ಮಾಡುವ ನಮ್ಮ ರೈತರಿಗೆ ಈ ತಂತ್ರವನ್ನು ವಿವರಿಸಬೇಕಾಗಿಲ್ಲ.

ಇವುಗಳಿಗೆ ‘ಇಬ್ಬನಿಹೊಂಡ’ ಎಂದು ಹೆಸರು. ಆದರೆ ಇವು ತುಂಬುವುದು ಮುಖ್ಯವಾಗಿ ಮಳೆಯಿಂದ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ತಮ್ಮೂರ ಗುಡ್ಡದ ಹೊಂಡವೊಂದನ್ನು ವರ್ಣಿಸಿದ್ದಾನೆ. ಮೂವತ್ತಡಿ ಅಗಲ, ಮೂರಡಿ ಆಳ ಮೀರದ ಆ ಹೊಂಡ ಮುನ್ನೂರು ನಾಲ್ಕುನೂರು ಕುರಿಗಳಿಗೂ ಇಪ್ಪತ್ತು ದನಗಳಿಗೂ ನೀರು ಕೊಟ್ಟು, ಎಂದೂ ಬತ್ತಿದ್ದಿಲ್ಲವಂತೆ. ಯಾವ ಪದವಿಯೂ ಇಲ್ಲದ ಕುರಿಗಾಹಿಗಳ ಜ್ಞಾನವನ್ನು ಓದುಬಲ್ಲವನೊಬ್ಬ ಗೌರವದಿಂದ ಬರೆದಿಟ್ಟ. ನಮ್ಮ ಮದಗ, ಕಟ್ಟಗಳನ್ನು ಕಟ್ಟಬಲ್ಲ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ವಿದ್ಯಾರ್ಥಿಗಳು ಅವರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಬೇಕು.

ನೋಡಲು ಬರುವವರ ಭಾರ

ಸರೋವರ ಸೀಮೆಗೆ ವರ್ಷಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಸಂದರ್ಶನಗಳಾಗುತ್ತವೆ. ಇದರಿಂದ ಹಳ್ಳಿಗರಿಗೆ ಜೀವನೋಪಾಯವಿದೆ, ಸಂಕಟವೂ ಇದೆ. ಹೊರಗಿನವರು ರಜೆಗೆಂದು ಮನೆ ಕೊಂಡು ಬೆಲೆ ಏರಿಸಿದ್ದರಿಂದ ಸ್ಥಳೀಯ ಯುವಕರಿಗೆ ಮನೆ ಎಟುಕುವುದಿಲ್ಲ. ಬೂಟುಗಾಲಿಗೆ ಗುಡ್ಡದ ದಾರಿ ಕೊರೆದು ಮಣ್ಣು ಸರೋವರಕ್ಕೆ ಇಳಿಯುತ್ತದೆ. ಸ್ವಯಂಸೇವಕರು ಕಲ್ಲು ಹಾಸಿ ದುರಸ್ತಿ ಮಾಡುತ್ತಿರುತ್ತಾರೆ.

ವಿಂಡರ್‌ಮಿಯರ್ ಈ ಭಾರವನ್ನು ಹೆಚ್ಚು ಹೊತ್ತಿದೆ. 1992ರಲ್ಲೇ ಅದರ ದಂಡೆಯ ಶುದ್ಧೀಕರಣ ಘಟಕಗಳಲ್ಲಿ ರಂಜಕ ತೆಗೆಯುವ ವ್ಯವಸ್ಥೆ ಮಾಡಲಾಯಿತು. ಮೋಟಾರು ದೋಣಿಗಳ ಅಬ್ಬರಕ್ಕೆ 2005ರಲ್ಲಿ ಗಂಟೆಗೆ 10 ಮೈಲಿಯ ವೇಗಮಿತಿ ಬಂದಿತು. ಆದರೂ ಮಳೆ ಹೆಚ್ಚಾದಾಗ ಉಕ್ಕಿಬರುವ ಮಲಿನ ನೀರು, ಮನೆಗಳ ಸೆಪ್ಟಿಕ್ ಟ್ಯಾಂಕುಗಳು, ಹೊಲದ ಗೊಬ್ಬರ, ಬೆಚ್ಚಗಾಗುತ್ತಿರುವ ಬೇಸಿಗೆ ಇವೆಲ್ಲ ಸೇರಿ ನೀಲಿಹಸಿರು ಪಾಚಿ ಮತ್ತೆ ಮತ್ತೆ ಹಬ್ಬುತ್ತಿದೆ. ಹಿಮಯುಗದಿಂದ ಅಲ್ಲಿನ ತಣ್ಣೀರಿನಲ್ಲಿ ಉಳಿದುಬಂದ ಚಾರ್ ಎಂಬ ಮೀನು ಕ್ಷೀಣಿಸಿದೆ. ಜನರ ದೀರ್ಘ ಪ್ರತಿಭಟನೆಯ ನಂತರ 2025ರ ಮಾರ್ಚಿನಲ್ಲಿ, ಮುಂದೆ ಮಳೆನೀರು ಮಾತ್ರ ಈ ಸರೋವರ ಸೇರುವಂತೆ ಮಾಡುವ ಗುರಿಯನ್ನು ಅಲ್ಲಿನ ಸರಕಾರ ಘೋಷಿಸಿತು. ಶ್ರೀಮಂತ ದೇಶ, ಎಂಬತ್ತು ವರ್ಷಗಳ ವಿಜ್ಞಾನ, ವಿಶ್ವ ಪರಂಪರೆಯ ಪಟ್ಟ ಎಲ್ಲವೂ ಇದ್ದೂ ಈ ಗತಿ ಬಂದಿತೆಂದರೆ, ಹೊಳೆದಂಡೆಯ ಹೋಂಸ್ಟೇ, ರೆಸಾರ್ಟುಗಳ ಕೊಳಚೆ ಎಲ್ಲಿಗೆ ಹೋಗುತ್ತದೆಂದು ನಮ್ಮ ಪಂಚಾಯಿತಿಗಳು ಇಂದೇ ಕೇಳಬೇಕಾಗಿದೆ.

ಸಂದರ್ಶಕರ ನಡತೆಯಲ್ಲಿ ಅನುಕರಣೀಯವಾದದ್ದೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸಾರ್ವಜನಿಕ ನಡಿಗೆಯ ಹಕ್ಕಿರುವ ಹಾದಿಗಳ ಉದ್ದ ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. ಖಾಸಗಿ ಹೊಲದ ನಡುವೆಯೂ ಆ ಹಾದಿ ಸಾಗುತ್ತದೆ. ನಡೆಯುವವರು ದಣಪೆ ದಾಟಿ, ತೆರೆದ ಗೇಟನ್ನು ಮುಚ್ಚಿ, ನಾಯಿಯನ್ನು ಕಟ್ಟಿ ಹಿಡಿದು ಹೋಗುತ್ತಾರೆ. 2011ರಿಂದ ಒಂದು ಸರಳ ಪಾಠವನ್ನೂ ಪ್ರಚಾರ ಮಾಡುತ್ತಿದ್ದಾರೆ: ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ದೋಣಿ, ಬಲೆ, ಬೂಟುಗಳನ್ನು ಪರೀಕ್ಷಿಸಿ, ತೊಳೆದು, ಒಣಗಿಸಿ. ಅಕ್ವೇರಿಯಂ ಗಿಡವಾಗಿ ಬಂದು ಹೊಂಡಗಳನ್ನೆಲ್ಲ ಕಂಬಳಿಯಂತೆ ಮುಚ್ಚಿದ ನ್ಯೂಜಿಲೆಂಡಿನ ಕಳೆಯೊಂದು ಅವರಿಗೆ ಈ ಬುದ್ಧಿ ಕಲಿಸಿತು. 2014ರಲ್ಲಿ ಇಂಗ್ಲೆಂಡಿನಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದರು. ಅಂತರಗಂಗೆಯಿಂದ ಕೆರೆಗಳನ್ನು ಕಳೆದುಕೊಂಡ ನಮಗೂ ಇದು ಅನ್ವಯಿಸುತ್ತದೆ.

ನಮ್ಮ ಊರುಗಳಲ್ಲಿ ಮಾಡಬೇಕಾದದ್ದು

ಈ ಶಿಬಿರ ಮುಗಿಯುವ ಮೊದಲು ಕೆಲವು ಕೆಲಸಗಳನ್ನು ತಮ್ಮ ಮುಂದಿಡುತ್ತೇನೆ. ಯಾವುದಕ್ಕೂ ದೊಡ್ಡ ಹಣ ಬೇಡ.

ಮೊದಲನೆಯದು ಪಟ್ಟಿ. ಗ್ರಾಮದ ಸರ್ವೆ ನಕಾಶೆಯನ್ನು ತೆಗೆದು, ಅದರಲ್ಲಿ ಕೆರೆ, ಕಟ್ಟೆ, ಹೊಂಡ ಎಂದು ಗುರುತಿಸಿದ ಪ್ರತಿಯೊಂದನ್ನೂ ಸ್ಥಳಕ್ಕೆ ಹೋಗಿ ನೋಡಿ. ಇದ್ದರೆ ಎಷ್ಟಿದೆ, ಇಲ್ಲವಾದರೆ ಈಗ ಅಲ್ಲಿ ಏನಿದೆ ಎಂದು ಬರೆಯಿರಿ. ಹೆಸರನ್ನೂ ಕೇಳಿ ಬರೆಯಿರಿ. ನಮ್ಮ ಭೂತಹೊಂಡಗಳು ಎಲ್ಲಿವೆಯೆಂದು ಇದರಿಂದ ತಿಳಿಯುತ್ತದೆ.

ಎರಡನೆಯದು ಅಳತೆ. ಒಂದು ಬಿಳಿಯ ತಟ್ಟೆಗೆ ಅಳತೆ ಗುರುತು ಮಾಡಿದ ಹಗ್ಗ ಕಟ್ಟಿ, ಅಡಿಯಲ್ಲಿ ಕಲ್ಲು ತೂಗಿ ನೀರಿಗೆ ಇಳಿಸಿ. ಕಣ್ಣಿಗೆ ಕಾಣದಾಗುವ ಆಳವನ್ನು ಬರೆದುಕೊಳ್ಳಿ. ವಿಜ್ಞಾನಿಗಳು ವಿಂಡರ್‌ಮಿಯರಿನಲ್ಲಿ ನೀರಿನ ತಿಳಿಯನ್ನು ಅಳೆಯುವುದೂ ಇಂಥದೇ ತಟ್ಟೆಯಿಂದ. ತಿಂಗಳಿಗೆರಡು ಬಾರಿ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯಿರಿ. ನೀರಿನ ಮಟ್ಟವನ್ನೂ ತೂಬಿನ ಕಲ್ಲಿನ ಮೇಲೆ ಗುರುತು ಮಾಡಿ ಬರೆಯಿರಿ. ಕಾಲೇಜಿನಲ್ಲಿ ಓದುವವರು ಊರು ಬಿಟ್ಟು ಹೋಗುವಾಗ ಆ ಪುಸ್ತಕವನ್ನು ಕಿರಿಯರ ಕೈಗೆ ಕೊಟ್ಟು ಹೋಗಬೇಕು.

ಮೂರನೆಯದು ತಡೆ. ಮನೆ ಕಟ್ಟಲು, ರಸ್ತೆ ಅಗಲಿಸಲು, ತೋಟ ವಿಸ್ತರಿಸಲು ಹೊಂಡ ಮುಚ್ಚುವವರು ಹೊರಗಿನವರಲ್ಲ. ಹೆಚ್ಚಾಗಿ ನಮ್ಮ ನೆಂಟರು, ನೆರೆಯವರು. ಅವರೊಡನೆ ಜಗಳವಾಡಿದರೆ ಕೆಲಸವಾಗದು. ಕೊಳವೆಬಾವಿ ಬತ್ತಿದ ವರ್ಷ ಆ ಹೊಂಡದ ಕೆಳಗಿನ ಬಾವಿಗಳಲ್ಲಿ ಎಷ್ಟು ನೀರಿತ್ತೆಂದು ನಮ್ಮ ಪುಸ್ತಕದಿಂದ ತೋರಿಸಿ ಹೇಳಿದರೆ ಕೇಳುವವರು ಇದ್ದಾರೆ ಎಂಬುದು ನನ್ನ ನಂಬಿಕೆ.

ಮೃಗಶಿರಾ ಮಳೆ ಹಿಡಿಯುವ ಮೊದಲು ಪ್ರತಿ ಊರಿನಿಂದ ಒಂದು ಪಟ್ಟಿಯಾದರೂ ವೇದಿಕೆಗೆ ತಲುಪಲಿ. ಬಂದ ಪಟ್ಟಿಗಳನ್ನು ಊರವಾರು ಈ ಪತ್ರಿಕೆಯಲ್ಲೇ ಪ್ರಕಟಿಸುವುದಾಗಿ ಸಂಪಾದಕರು ಒಪ್ಪಿದ್ದಾರೆ.